ಫೆರಿಕ್ ಕ್ಲೋರೈಡಿನ ಎರಡು ಹನಿ

ಅಡಿಕೆ ಸುಲಿಯುವ ಕಾಲ ಬಂತೆಂದರೆ ನಾನು ಲ್ಯಾಬಿನ ಬಾಗಿಲಲ್ಲೇ ನಿಂತು ಮಕ್ಕಳ ಕೈ ನೋಡುತ್ತೇನೆ. ಯಲ್ಲಾಪುರದ ಈ ಕಾಲೇಜಿಗೆ ಪಾಠ ಮಾಡಲು ಬಂದ ಮೊದಲ ವರ್ಷದಿಂದಲೂ ಇದೇ ರೂಢಿ. ಕಿರವತ್ತಿ ಕಡೆಯಿಂದ ಬರುವವರದು ಹೆಚ್ಚಾಗಿ ಸ್ವಚ್ಛ ಕೈ. ಉಮ್ಮಚಗಿ ಕಡೆಯವರಲ್ಲಿ ಕೆಲವರ ಹೆಬ್ಬೆರಳು, ತೋರುಬೆರಳು ಕಪ್ಪು. ಕಪ್ಪಿದ್ದವರಿಗೆ ನಾನೇನೂ ಅನ್ನುವುದಿಲ್ಲ. ಕೈ ತೀರಾ ಬೆಳ್ಳಗಿದ್ದು ಲಿಂಬೆಹಣ್ಣಿನ ವಾಸನೆ ಹೊಡೆಯಿತೋ, ಅಂಥವರನ್ನು ಪಕ್ಕಕ್ಕೆ ಕರೆದು ಒಂದು ಕಾರ್ಕಿನ ಬೂಚು ಕೊಟ್ಟು, "ಟ್ಯೂಬಿನ ಬಾಯಿಗೆ ಇದನ್ನೇ ಹಾಕು. ಹೆಬ್ಬೆರಳು ಒತ್ತಿದೆಯೋ, ನೋಡು ಮತ್ತೆ" ಎನ್ನುತ್ತೇನೆ. ಹಿಂದಿನಿಂದ ನನಗೆ 'ಬೂಚು ಮೇಡಂ' ಎನ್ನುತ್ತಾರಂತೆ. ಅನ್ನಲಿ. ಇಂಥದೊಂದು ಬೂಚು ಸಮಯಕ್ಕೆ ಸಿಗದೆ ನಾನು ಒಂದು ವರ್ಷ ಕಳೆದುಕೊಳ್ಳುವುದರಲ್ಲಿದ್ದೆ ಎಂಬುದು ಅವರಿಗೇನು ಗೊತ್ತು!

ನಾನು ಬಿ.ಎಸ್ಸಿ. ಓದಿದ್ದು ಶಿರಸಿಯಲ್ಲಿ. ನಮ್ಮದು ಮೂಲತಃ ಬನವಾಸಿ ಕಡೆ. ಅಪ್ಪ ಗೌಂಡಿ. ಶಿರಸಿ ಹತ್ತಿರದ ಇಸಳೂರಿನಲ್ಲಿ ಒಂದರ ಪಕ್ಕ ಒಂದು ಹೊಸ ಮನೆ ಏಳತೊಡಗಿದಾಗ ಕೆಲಸ ಹುಡುಕಿಕೊಂಡು ಬಂದವನು ಅಲ್ಲೇ ಉಳಿದ. ಕೊಯ್ಲು ಶುರುವಾದ ಮೇಲೆ ಅವ್ವ ಸುತ್ತಲಿನವರ ಮನೆಗಳಿಗೆ ಅಡಿಕೆ ಸುಲಿಯಲು ಹೋಗುತ್ತಿದ್ದಳು. ರಜೆಯ ದಿನ ನಾನೂ ಅವಳ ಜೊತೆ. ಮಣೆಗೆ ಸಿಕ್ಕಿಸಿದ ಕಬ್ಬಿಣದ ಮೆಟ್ಟುಗತ್ತಿಯನ್ನು ಕಾಲಲ್ಲಿ ಒತ್ತಿ ಹಿಡಿದು ಕೂತು, ಹಸಿ ಅಡಿಕೆಯನ್ನು ಅದರ ಅಲಗಿಗೆ ಕೊಟ್ಟು ಸಿಪ್ಪೆ ಬಿಡಿಸುವ ಕೆಲಸ. ಒಂದು ಗಂಟೆ ಕೂತರೆ ಬೆರಳು ಕಂದು, ಸಂಜೆಯ ಹೊತ್ತಿಗೆ ಕಪ್ಪು. ಸೋಪು ಹಾಕಿದರೆ ಹೋಗುವುದಿಲ್ಲ. ಬಟ್ಟೆ ಒಗೆಯುವ ಬ್ರಶ್ಶಿಗೂ ಜಗ್ಗುವುದಿಲ್ಲ.

ಒಮ್ಮೆ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಂತಿದ್ದಾಗ ಯಾರೋ ಒಬ್ಬಳು ನನ್ನ ಕೈ ನೋಡಿ, "ಗ್ಯಾರೇಜ್ ಇಟ್ಟಿದೀರಾ?" ಎಂದು ನಕ್ಕಳು. ನಾನೂ ನಕ್ಕೆ. ಇಳಿಯುವ ತನಕ ಕೈಯನ್ನು ದುಪಟ್ಟಾದೊಳಗೆ ಇಟ್ಟುಕೊಂಡೆ. ಮನೆಗೆ ಬಂದವಳೇ ಅವ್ವನ ಮೇಲೆ ಹರಿಹಾಯ್ದೆ, ಅವಳೇ ನನ್ನ ಕೈಗೆ ಮಸಿ ಬಳಿದಳೇನೋ ಅನ್ನುವ ಹಾಗೆ.

"ಲಿಂಬಿಹಣ್ಣು ಉಪ್ಪು ಹಚ್ಚಿ ತಿಕ್ಕ. ಹೊಕ್ಕತಿ" ಎಂದಳು ಅವ್ವ. "ಕೈ ಕೆಸರಾದ್ರ ಬಾಯಿ ಮೊಸರು ಅಂತಾರ. ಕೈ ಕಪ್ಪಾದ್ರ ಏನು ಅಂತ ಯಾರೂ ಹೇಳಿಲ್ಲ ನೋಡು."

ಹೌದು, ಲಿಂಬೆಹಣ್ಣಿಗೆ ಹೋಯಿತು. ನೋಡನೋಡುತ್ತ ಕಪ್ಪು ತೆಳುವಾಗಿ ಚರ್ಮದ ಬಣ್ಣ ಮೇಲೆ ಬಂತು. ಅವತ್ತಿನಿಂದ ನನ್ನ ಕಾಲೇಜಿನ ಚೀಲದಲ್ಲಿ ಯಾವಾಗಲೂ ಅರ್ಧ ಲಿಂಬೆ ಇರುತ್ತಿತ್ತು. ನಾನು ಅಡಿಕೆ ಸುಲಿಯುತ್ತೇನೆಂದು ತರಗತಿಯಲ್ಲಿ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ.

ಸಾವಯವ ರಸಾಯನಶಾಸ್ತ್ರ ಕಲಿಸುತ್ತಿದ್ದ ಮೇಡಂ ಸಿದ್ದಾಪುರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಮೊದಲ ದಿನ ಬೋರ್ಡಿನ ಮೇಲೆ ಮಾರುದ್ದದ ಒಂದು ಅಣುವನ್ನು ಬರೆದು, ಅದರ ಉದ್ದಕ್ಕೂ ಇದ್ದ ಕಾರ್ಬನ್ನುಗಳನ್ನೆಲ್ಲ ಅಂಗೈಯಿಂದ ಮುಚ್ಚಿ, ತುದಿಯ ನಾಲ್ಕು ಅಕ್ಷರ ಮಾತ್ರ ಕಾಣುವಂತೆ ಮಾಡಿದರು. "ಮೈ ಎಷ್ಟೇ ದೊಡ್ಡದಿರಲಿ, ನೀವು ನೋಡಬೇಕಾದದ್ದು ಇದರ ಕೈ. ಕೆಲಸ ಮಾಡೋದು ಕೈ. ಇದಕ್ಕೇ ಕ್ರಿಯಾ ಗುಂಪು ಅನ್ನೋದು" ಎಂದರು. ಸೋಡಾ ಹಾಕಿದರೆ ಗುಳ್ಳೆ ಬಿಟ್ಟಿತೋ, ಅದಕ್ಕೆ ಕಾರ್ಬಾಕ್ಸಿಲಿಕ್ ಆಮ್ಲದ ಕೈ. ಟ್ಯೂಬಿನ ಒಳಮೈಗೆ ಬೆಳ್ಳಿಯ ಕನ್ನಡಿ ಕಟ್ಟಿತೋ, ಆಲ್ಡಿಹೈಡಿನದು. ಫೆರಿಕ್ ಕ್ಲೋರೈಡಿನ ಎರಡು ಹನಿಗೆ ನೇರಳೆ ಬಣ್ಣ ತಿರುಗಿತೋ, ಫೀನಾಲು. ಫೆರಿಕ್ ಕ್ಲೋರೈಡು ಅಂದರೆ ಬೇರೇನಲ್ಲ, ಕಬ್ಬಿಣದ ಒಂದು ಲವಣ. ಚಹಾದ ಚೊಗರು, ಅಡಿಕೆಯ ಚೊಗರು ಎಲ್ಲ ಈ ಫೀನಾಲಿನ ಬಳಗವೇ ಎಂದೂ ಅವರು ಹೇಳಿದ್ದರು. ನಾನು ಅದನ್ನು ಚಂದ ಅಕ್ಷರದಲ್ಲಿ ಬರೆದುಕೊಂಡು ಪುಸ್ತಕ ಮುಚ್ಚಿದ್ದೆ.

ಆ ಕಲಿಕೆ ನನ್ನನ್ನು ಹೇಗೆ ಹಿಡಿಯಿತೆಂದರೆ, ಮನೆಯಲ್ಲಿ ಹುಳಿ ಎಂಬ ಹುಳಿಯನ್ನೆಲ್ಲ ಸೋಡಾ ಹಾಕಿ ನೋಡಿದೆ. ಹುಣಸೆ, ಲಿಂಬೆ, ಉಪ್ಪಾಗೆ, ಮುರುಗಲು, ಉಪ್ಪಿನಕಾಯಿಯ ರಸ. ಎಲ್ಲವೂ ಬುಸ್ ಬುಸ್ ಎಂದವು. ಮುರುಗಲು ರಸ ನೊರೆಯೆದ್ದದ್ದಲ್ಲದೆ ಕೆಂಪು ಬಿಟ್ಟು ಕೊಳಕು ನೀಲಿಯಾಯಿತು. ಅದನ್ನು ಕಂಡು ನಾನು ಕುಣಿಯುವುದೊಂದು ಬಾಕಿ. ಅವ್ವ ಬಂದು ಸಾಲಾಗಿಟ್ಟ ಲೋಟಗಳನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟಳು.

"ಏನ್ ಮಾಡಾಕತ್ತೀಯ?"

"ಇವುಕ್ಕೆಲ್ಲ ಯಾವ ಕೈ ಐತಿ ನೋಡಾಕತ್ತೀನಿ."

"ಹುಳಿಗೆ ಸೋಡಾ ಹಾಕಿದ್ರ ಬುರುಗು ಬರತೈತಿ. ಅದನ್ನ ತಿಳಕೊಳ್ಳಾಕ ಡಿಗ್ರಿ ಬೇಕಾತನು? ಸಾರಿಗೆ ಇನ್ನ ನಿನ್ನ ತಲಿ ಹಿಂಡ್ಲ್ಯಾ?"

ಇಷ್ಟು ಹುಚ್ಚಿದ್ದವಳು ಪರೀಕ್ಷೆಯಲ್ಲಿ ಫೇಲಾದೆ. ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳಬೇಕು. ನನಗೆ ಮೂಗಿನ ಸೊಕ್ಕಿತ್ತು. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಹೆಸರಿಲ್ಲದ ಒಂದು ವಸ್ತು ಕೊಡುತ್ತಾರೆ. ಒಂದೊಂದೇ ಪರೀಕ್ಷೆ ಮಾಡುತ್ತ, ಕಂಡದ್ದನ್ನು ಬರೆಯುತ್ತ, ಅದರ ಕ್ರಿಯಾ ಗುಂಪು ಯಾವುದು, ವಸ್ತು ಯಾವುದು ಎಂದು ಹೇಳಬೇಕು. ಮೊದಲ ಸಲ ನನಗೆ ಬಂದ ಬಾಟಲಿಯ ಮುಚ್ಚಳ ತೆಗೆದರೆ ಅಪ್ಪ ಮಂಡಿಗೆ ಹಚ್ಚಿಕೊಳ್ಳುವ ಮುಲಾಮಿನದೇ ವಾಸನೆ. ಮೀಥೈಲ್ ಸ್ಯಾಲಿಸಿಲೇಟ್! ಗೊತ್ತಾದ ಮೇಲೆ ಪರೀಕ್ಷೆ ಮಾಡುವುದು ಯಾತಕ್ಕೆ? ಕೂತಲ್ಲೇ ಎಲ್ಲವನ್ನೂ ಬರೆದೆ, ಫೆರಿಕ್ ಕ್ಲೋರೈಡಿಗೆ ನೇರಳೆ ಬಂತು ಎಂದೂ ಸೇರಿಸಿ. ಅವತ್ತಿನ ಪರೀಕ್ಷಕರು ನನ್ನ ಮೇಜಿನಲ್ಲಿ ಒಂದೂ ಟ್ಯೂಬು ಒದ್ದೆಯಾಗದ್ದನ್ನು ನೋಡಿದರು. "ಉತ್ತರ ಸರಿ ಇದೆ. ನೀನು ನೋಡದೇ ಇದ್ದದ್ದನ್ನ ನೋಡಿದೆ ಅಂತ ಬರೆದೀಯ" ಎಂದು ಸೊನ್ನೆ ಹಾಕಿ ಹೋದರು. ನಾನು ಮನೆಗೆ ಬಂದು ಎರಡು ದಿನ ಉಂಡಿರಲಿಲ್ಲ, ಸಿಟ್ಟಿಗೆ.

ಹಾಗಾಗಿ ಎರಡನೇ ಸಲ ಕೂತಾಗ ಪಣಕ್ಕಿಟ್ಟದ್ದು ದೊಡ್ಡದಿತ್ತು. ಈ ಒಂದು ಪ್ರಾಕ್ಟಿಕಲ್ ಆದರೆ ಎಂ.ಎಸ್ಸಿ.ಗೆ ಅರ್ಜಿ. ಹೋದರೆ ಒಂದು ವರ್ಷ ಮನೆಯಲ್ಲಿ, ಆಮೇಲೆ ಅಪ್ಪ ಮತ್ತೆ ಕಳಿಸುತ್ತಾನೆಂಬ ಭರವಸೆ ನನಗಿರಲಿಲ್ಲ. ನಾನು ದೇವರ ಮುಂದೆ ನಿಂತು ಆಣೆ ಮಾಡಿದ್ದೆ: ಈ ಸಲ ಕಣ್ಣಿಗೆ ಕಂಡದ್ದನ್ನು ಬಿಟ್ಟು ಒಂದಕ್ಷರ ಬರೆಯುವುದಿಲ್ಲ.

ಪರೀಕ್ಷೆಯ ಹಿಂದಿನ ದಿನ ಭಾನುವಾರ. ಅವ್ವ ಹೋಗುತ್ತಿದ್ದ ಮನೆಯಲ್ಲಿ ಸುಲಿಯುವವರು ಇಬ್ಬರು ಕಡಿಮೆಯಾಗಿ, ಕೊಯ್ದ ಅಡಿಕೆ ಅಂಗಳದಲ್ಲಿ ರಾಶಿ ಬಿದ್ದಿತ್ತು. "ನೀ ಓದಕೋ" ಎಂದು ಅವ್ವ ಹೇಳಿದರೂ ಮಧ್ಯಾಹ್ನದ ತನಕ ಹೋಗಿ ಸುಲಿದು ಬಂದೆ. ಮರುದಿನ ಬೆಳಿಗ್ಗೆ ಎರಡು ಲಿಂಬೆಹಣ್ಣು ಖರ್ಚು ಮಾಡಿ ಕೈ ತಿಕ್ಕಿದೆ. ಉಗುರಿನ ಸಂದಿಯಲ್ಲೂ ಒಂದು ಗೆರೆ ಉಳಿಯಲಿಲ್ಲ. ಮದುವಣಗಿತ್ತಿಯ ಕೈಯೂ ಅಷ್ಟು ಬೆಳ್ಳಗಿರಲಿಕ್ಕಿಲ್ಲ.

ನನಗೆ ಬಂದದ್ದು ಬಿಳಿಯ ಹರಳಿನ ಪುಡಿ. ಈ ಸಲ ಮೂಗನ್ನು ದೂರವೇ ಇಟ್ಟೆ. ಚಿಟಿಕೆ ಸುಟ್ಟೆ, ಮಸಿ ಕಾರುತ್ತ ಉರಿಯಿತು. ಅಂದರೆ ಬೆಂಜೀನಿನ ಉಂಗುರವಿದೆ. ಬೈಕಾರ್ಬೋನೇಟಿಗೆ ಹಾಕಿದೆ, ಗುಳುಗುಳು ಗುಳ್ಳೆ ಬಂತು. ಆಮ್ಲದ ಕೈ! ಇನ್ನು ಉಳಿದದ್ದು ಒಂದೇ ಪ್ರಶ್ನೆ. ಫೀನಾಲಿನ ಕೈಯೂ ಇದ್ದರೆ ಅದು ಸ್ಯಾಲಿಸಿಲಿಕ್ ಆಮ್ಲ, ಇಲ್ಲದಿದ್ದರೆ ಬೆಂಜೋಯಿಕ್. ಟ್ಯೂಬಿನಲ್ಲಿ ಸ್ಪಿರಿಟ್ ಹಾಕಿ, ಪುಡಿ ಹಾಕಿ, ಬಾಯಿಗೆ ಹೆಬ್ಬೆರಳು ಒತ್ತಿ ಕುಲುಕಿ ಕರಗಿಸಿದೆ. ಎರಡು ಹನಿ ಫೆರಿಕ್ ಕ್ಲೋರೈಡು ಬಿಟ್ಟೆ.

ನೇರಳೆಯಾಗಬೇಕು, ಇಲ್ಲವೇ ಹಳದಿಯಾಗಿಯೇ ಉಳಿಯಬೇಕು. ಎರಡೂ ಆಗಲಿಲ್ಲ. ಒಂಥರಾ ಹಸಿರುಗಪ್ಪು ಬಣ್ಣ, ಹಾವಸೆ ಕಟ್ಟಿದ ನೀರಿನದು, ಟ್ಯೂಬಿನ ತುಂಬ ಹಬ್ಬಿತು.

ಇದೆಂಥದು ಮಾರಾಯ್ರೇ! ಪುಸ್ತಕದಲ್ಲಿ ಈ ಬಣ್ಣವೇ ಇಲ್ಲ. ಇನ್ನೊಂದು ಟ್ಯೂಬು ತೊಳೆದು ಮತ್ತೆ ಮಾಡಿದೆ. ಮತ್ತೆ ಅದೇ. ಕರಗುವ ಬಿಂದು ನೋಡಿದೆ: ನೂರ ಇಪ್ಪತ್ತೆರಡು ಡಿಗ್ರಿಗೆ ಕರಗಿ ನೀರಾಯಿತು. ಅದು ಬೆಂಜೋಯಿಕ್ಕಿನದೇ. ಸ್ಯಾಲಿಸಿಲಿಕ್ಕಾಗಿದ್ದರೆ ನೂರೈವತ್ತು ದಾಟಬೇಕಿತ್ತು. ಕರಗುವ ಬಿಂದು ಫೀನಾಲು ಇಲ್ಲ ಎನ್ನುತ್ತದೆ, ಫೆರಿಕ್ ಕ್ಲೋರೈಡು ಏನೋ ಇದೆ ಎನ್ನುತ್ತದೆ. ನಾನು ಹಾಳೆಯಲ್ಲಿ ಎರಡು ಸಲವೂ 'ಹಸಿರು ಮಿಶ್ರಿತ ಕಪ್ಪು' ಎಂದೇ ಬರೆದೆ.

ಪಕ್ಕದ ಮೇಜಿನಲ್ಲಿ ನನ್ನ ಗೆಳತಿ, ಉಮ್ಮಚಗಿಯವಳು, ಹಾಸ್ಟೆಲ್ಲಿನಲ್ಲಿದ್ದು ಓದುತ್ತಿದ್ದವಳು. ನನ್ನ ಹಾಗೇ ಅವಳದೂ ಎರಡನೇ ಸಲ. ನನ್ನ ಹಾಳೆಯ ಕಡೆ ಕಣ್ಣು ಹಾಯಿಸಿ ಪಿಸುಗುಟ್ಟಿದಳು.

"ಎಂತದೇ ಇದು ಕಪ್ಪು? ಕರಗೋ ಬಿಂದು ಬಂತಲೇ, ಬೆಂಜೋಯಿಕ್. ಫೆರಿಕ್ಕಿಗೆ 'ಬದಲಾವಣೆ ಇಲ್ಲ' ಅಂತ ಬರ್ದು ಮುಗ್ಸು."

"ಬದಲಾವಣೆ ಆಗಿದೆಯಲ್ಲೇ."

"ಆಗ್ಲಿ ಮಾರಾಯ್ತಿ! ಯಾರು ನೋಡಿದ್ದ?"

ನನ್ನ ಪೆನ್ನು ಆ ಸಾಲಿನ ಮೇಲೆಯೇ ಇತ್ತು. ಒಂದು ಗೀಟು ಎಳೆದು ಎರಡು ಶಬ್ದ ಬರೆದರೆ ಎಂ.ಎಸ್ಸಿ. ನನಗೆ ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಹೋದ ಸಲದ ಆ ಒಣ ಟ್ಯೂಬುಗಳು ನೆನಪಾದವು. ಅದಕ್ಕಿಂತ ಹೆಚ್ಚಾಗಿ, ಆ ಹಸಿರುಗಪ್ಪು ಎಲ್ಲಿಂದ ಬಂತು ಎಂದು ತಿಳಿಯದೆ ನನಗೆ ಅಲ್ಲಿಂದ ಏಳಲು ಮನಸ್ಸಿರಲಿಲ್ಲ.

ಪುಡಿಯನ್ನೇ ಹಾಕದೆ, ಬರೀ ಸ್ಪಿರಿಟ್ಟನ್ನು ಕುಲುಕಿ ಎರಡು ಹನಿ ಬಿಟ್ಟೆ. ಅದೂ ಕಪ್ಪಾಯಿತು! ಅದನ್ನೂ ಹಾಳೆಯಲ್ಲಿ ಬರೆದೆ.

ಸಿಕ್ಕಿದ ಕಳ್ಳ ಎಂದುಕೊಂಡು ಲ್ಯಾಬಿನ ಅಟೆಂಡರನ ಹತ್ತಿರ ಧುಮುಗುಟ್ಟುತ್ತ ಹೋದೆ. ವಯಸ್ಸಾದವನು. ಆ ಲ್ಯಾಬಿನ ಒಂದೊಂದು ಬಾಟಲಿಯನ್ನೂ ಮಗಳನ್ನು ಸಾಕಿದ ಹಾಗೆ ಸಾಕಿದವನು. "ಮಾಮ, ನಿಮ್ಮ ಸ್ಪಿರಿಟ್ ಕೆಟ್ಟಿದೆ" ಎಂದೆ. ಅವನ ಮೀಸೆ ಕುಣಿಯಿತು.

"ಎಂತ ಹೇಳ್ದೆ? ಬೆಳಿಗ್ಗೆ ನಾನೇ ಸೀಲು ಒಡೆದ ಬಾಟಲಿ ಅದು. ಕುಣಿಯಕ್ಕೆ ಬರ್ದೇ ಇದ್ದವಳು ಅಂಗಳ ಡೊಂಕು ಅಂದ್ಳಂತೆ! ಕೊಡು ಇಲ್ಲಿ."

ಅದೇ ಬಾಟಲಿಯ ಸ್ಪಿರಿಟ್ಟನ್ನು ಟ್ಯೂಬಿಗೆ ಹೊಯ್ದು, ಜೇಬಿನಿಂದ ಒಂದು ಕಾರ್ಕಿನ ಬೂಚು ತೆಗೆದು ಬಾಯಿಗೆ ಜಡಿದು, ಕುಲುಕಿ, ಎರಡು ಹನಿ ಫೆರಿಕ್ ಕ್ಲೋರೈಡು ಬಿಟ್ಟ. ಚಿನ್ನದಂಥ ಹಳದಿ. ನನ್ನ ಮುಖದ ಮುಂದೆ ಹಿಡಿದು, "ಕೆಟ್ಟಿದ್ದು ಯಾವುದು?" ಎಂದ.

ಸ್ಪಿರಿಟ್ ಅದೇ, ಫೆರಿಕ್ ಕ್ಲೋರೈಡು ಅದೇ. ಬೇರೆಯದು ಒಂದೇ. ಅವನು ಬೂಚು ಒತ್ತಿದ್ದ, ನಾನು ಹೆಬ್ಬೆರಳು ಒತ್ತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ಮೆಲ್ಲಗೆ ಹೆಬ್ಬೆರಳು ತಿರುಗಿಸಿದೆ. ಟ್ಯೂಬು ತೊಳೆಯುವಾಗ ಫೆರಿಕ್ ಕ್ಲೋರೈಡು ತಾಗಿದ್ದ ಜಾಗದಲ್ಲಿ, ಬೆಳಿಗ್ಗೆ ಅಷ್ಟು ಬೆಳ್ಳಗಿದ್ದ ಬೆರಳಿನ ತುದಿಯಲ್ಲಿ, ಒಂದೊಂದು ಗೆರೆಯೂ ಕಪ್ಪಾಗಿ ಎದ್ದು ನಿಂತಿತ್ತು.

ಆಗ ತಲೆಯೊಳಗೆ ಎಲ್ಲವೂ ಒಂದಕ್ಕೊಂದು ಕೂಡಿಕೊಂಡಿತು. ಅಡಿಕೆಯ ಚೊಗರು ಫೀನಾಲಿನ ಬಳಗ. ಮೆಟ್ಟುಗತ್ತಿ ಕಬ್ಬಿಣ. ಎರಡೂ ಕೂಡಿದ್ದರಿಂದ ಕೈ ಕಪ್ಪು. ಲಿಂಬೆಹುಳಿ ಕಬ್ಬಿಣವನ್ನು ಕಿತ್ತುಕೊಂಡು ಹೋಗಿತ್ತೇ ಹೊರತು ಚೊಗರನ್ನಲ್ಲ. ಬಣ್ಣವಿಲ್ಲದ ಚೊಗರು ಚರ್ಮದಲ್ಲಿ ಸುಮ್ಮನೆ ಕೂತಿತ್ತು. ಸ್ಪಿರಿಟ್ ತಾಗಿದ ಕೂಡಲೇ ಟ್ಯೂಬಿಗೆ ಇಳಿಯಿತು, ಮತ್ತೆ ಕಬ್ಬಿಣ ಸಿಕ್ಕ ಕೂಡಲೇ ಕಪ್ಪಾಯಿತು. ಇಷ್ಟು ವರ್ಷ ಅವ್ವನ ಪಕ್ಕದಲ್ಲಿ ಕೂತು ನಾನು ಮಾಡುತ್ತಿದ್ದದ್ದು ಫೀನಾಲಿನ ಪರೀಕ್ಷೆಯನ್ನೇ! ಪರೀಕ್ಷೆಯ ಕೋಣೆ ಎಂಬುದನ್ನೂ ಮರೆತು ಜೋರಾಗಿ ನಕ್ಕುಬಿಟ್ಟೆ. ಎಲ್ಲರೂ ತಿರುಗಿ ನೋಡಿದರು.

ಅಟೆಂಡರ ಮಾಮನ ಕೈಯಿಂದ ಬೂಚು ಕಸಿದುಕೊಂಡು ಹೋಗಿ ನನ್ನ ಪುಡಿಯನ್ನು ಮತ್ತೆ ಕರಗಿಸಿ ನೋಡಿದೆ. ಹಳದಿ. ಫೀನಾಲು ಇಲ್ಲ. ಹಿಂದಿನ ಸಾಲುಗಳನ್ನು ಹೊಡೆಯದೆ ಅದರ ಕೆಳಗೆ ಇದನ್ನೂ ಬರೆದೆ. ಬೆಂಜೋಯಿಕ್ ಆಮ್ಲ ಎಂದು ಬರೆಯುವಷ್ಟರಲ್ಲಿ ಗಂಟೆ ಹೊಡೆಯಿತು.

ಹೊರಗಿನಿಂದ ಬಂದ ಪರೀಕ್ಷಕರು ಹುಬ್ಬಳ್ಳಿ ಕಡೆಯವರು. ಪಕ್ಕದಲ್ಲಿ ನಮ್ಮ ಮೇಡಂ. ನನ್ನ ಹಾಳೆಯ ಮೇಲೆ ಪರೀಕ್ಷಕರ ಬೆರಳು ಒಂದೇ ಕಡೆ ನಿಂತಿತು.

"ಏನವಾ ಇದು? ಎರಡ ಸಲ ಹಸಿರು ಕಪ್ಪು, ಬರೇ ಸ್ಪಿರಿಟ್ಟಿಗೂ ಕಪ್ಪು, ಕಡೀಕ ಹಳದಿ. ಇದರಾಗ ಖರೇ ಯಾವುದು?"

"ಎಲ್ಲಾನೂ ಖರೇ ಸರ್."

"ಹಂಗಂದ್ರ? ಫೀನಾಲು ಐತೋ ಇಲ್ಲೋ?"

"ಪುಡಿಯಲ್ಲಿ ಇಲ್ಲ ಸರ್." ನನ್ನ ಹಿಂದೆ ಇಡೀ ಬ್ಯಾಚು ಸಾಲಾಗಿ ನಿಂತಿತ್ತು. ಬಸ್ಸಿನಲ್ಲಿ ನಕ್ಕವಳ ಮುಖ ಕಣ್ಣ ಮುಂದೆ ಬಂತು. ಇಲ್ಲಿ ಬಾಯಿ ಮುಚ್ಚಿದರೆ ಫೇಲು, ಬಾಯಿ ತೆರೆದರೆ ಮೂರು ವರ್ಷ ಮುಚ್ಚಿಟ್ಟದ್ದು ಬಯಲು. "ನನ್ನ ಕೈಯಲ್ಲಿದೆ ಸರ್. ನಾನು ಅಡಿಕೆ ಸುಲಿಯೋಕೆ ಹೋಗ್ತೇನೆ. ನಾನು, ನಮ್ಮವ್ವ. ಕರೆ ಕಾಣಬಾರದು ಅಂತ ಲಿಂಬೆಹಣ್ಣು ಹಚ್ಚಿ ಬಂದಿದ್ದೆ."

ಅವರಿಗೆ ಅರ್ಥವಾಗಲಿಲ್ಲ. ಅವರ ಕಡೆ ಅಡಿಕೆಯೆಂದರೆ ಪೊಟ್ಟಣದಲ್ಲಿ ಬರುವ ವಸ್ತು. ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ ಎನಿಸಿ, ಎಡಗೈ ಚಾಚಿ ಅಂಗೈಯ ಮೇಲೆ ಫೆರಿಕ್ ಕ್ಲೋರೈಡಿನ ಎರಡು ಹನಿ ಬಿಟ್ಟುಕೊಂಡು ಬೆರಳಿನಿಂದ ಸವರಿದೆ. ಬೆಳ್ಳನೆಯ ಅಂಗೈಯಲ್ಲಿ ಆಯುಷ್ಯರೇಖೆ, ವಿದ್ಯಾರೇಖೆ ಎಲ್ಲ ಒಂದೊಂದಾಗಿ ಕಪ್ಪಾಗುತ್ತ ಬಂದವು.

"ಏ ಏ, ಕೈ ತೊಳಕೋ ಮೊದಲ!" ಎಂದು ಅವರು ಕುರ್ಚಿಯಿಂದ ಎದ್ದೇಬಿಟ್ಟರು. ನಾನು ತೊಳೆದು ಬರುವಷ್ಟರಲ್ಲಿ ಮೇಡಂ ಅವರಿಗೆ ಮೆಟ್ಟುಗತ್ತಿ, ಚೊಗರು ಎಲ್ಲ ವಿವರಿಸಿ ನಗುತ್ತಿದ್ದರು. ಪರೀಕ್ಷಕರು ನನ್ನ ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿಸಿ, ತಿರುಗಿಸಿ ಮುರುಗಿಸಿ ನೋಡಿದರು. "ಟ್ಯೂಬಿನ ಬಾಯಿಗೆ ಬೆರಳು ಒತ್ತೂದು ತಪ್ಪು. ಮೈಮ್ಯಾಲೆ ಕೆಮಿಕಲ್ ಹಾಕ್ಕೊಳ್ಳೂದು ಇನ್ನೂ ದೊಡ್ಡ ತಪ್ಪು. ಎರಡಕ್ಕೂ ಮಾರ್ಕ್ಸ್ ಕಡಿತೀನಿ" ಎಂದರು. ಮತ್ತೊಮ್ಮೆ ನನ್ನ ಬೆರಳು ನೋಡಿ, "ಆ ಕತ್ತಿ ಸ್ಟೀಲಿಂದು ಇದ್ರ ಇಷ್ಟು ಕಪ್ಪಾಗತಿತ್ತೇನು?" ಎಂದು ಕೇಳಿದರು. ನನಗೆ ಗೊತ್ತಿಲ್ಲ ಎಂದೆ. "ನನಗೂ ಗೊತ್ತಿಲ್ಲ. ನೋಡಿ ಹೇಳು" ಎಂದು ಮುಂದಿನವರನ್ನು ಕರೆದರು.

ಹೊರಗೆ ಬಂದಾಗ ಉಮ್ಮಚಗಿಯ ಗೆಳತಿ ನನ್ನ ಮೊಣಕೈ ತಿವಿದಳು. "ಕಳ್ಳಿ! ಒಂದು ಮಾತು ಹೇಳಿದ್ಯನೇ? ರಜೆಗೆ ಮನೆಗೆ ಹೋದ್ರೆ ನಾನೂ ಸುಲೀತೆ. ನಾನೂ ಬಸ್ ಹತ್ತೋ ಮೊದ್ಲು ಲಿಂಬೆಹಣ್ಣೇ ಹಚ್ಚದು." ಮೂರು ವರ್ಷ ಪಕ್ಕಪಕ್ಕ ಕೂತಿದ್ದ ಇಬ್ಬರೂ ಒಂದೇ ಹುಳಿಯಲ್ಲಿ ಕೈ ತೊಳೆಯುತ್ತಿದ್ದೆವು ಎಂದು ಆಗ ಗೊತ್ತಾಯಿತು.

ಸಂಜೆ ಅವ್ವನಿಗೆ ಎಲ್ಲವನ್ನೂ ಹೇಳಿದೆ. ಅವಳು ಅರ್ಧ ಕೇಳಿದಳು, ಅರ್ಧ ಬಿಟ್ಟಳು ಎಂದುಕೊಂಡಿದ್ದೆ. "ಪಾಸಾಗ್ತೀಯೋ ಇಲ್ಲೋ ಅಷ್ಟು ಹೇಳು" ಎಂದಳು. ಗೊತ್ತಿಲ್ಲ ಎಂದೆ. ಅವಳು ಅಂದು ಊಟಕ್ಕೆ ಕೂತಾಗ ತನ್ನ ಬೆರಳನ್ನು ಒಂದೆರಡು ಸಲ ನೋಡಿಕೊಂಡದ್ದು ಮಾತ್ರ ನನಗೆ ನೆನಪಿದೆ.

ಫಲಿತಾಂಶ ಬಂದಾಗ ಆ ವರ್ಷದ ಸುಲಿತ ಮುಗಿಯುತ್ತ ಬಂದಿತ್ತು. ಫೋನಿನಲ್ಲಿ ಅಂಕ ನೋಡಿದವಳೇ ಅವ್ವ ಕೆಲಸಕ್ಕೆ ಹೋಗಿದ್ದ ಮನೆಗೆ ಓಡಿದೆ. ಅಂಗಳದಲ್ಲಿ ಏಳೆಂಟು ಹೆಂಗಸರು ಸಾಲಾಗಿ ಕೂತಿದ್ದರು. ಅವ್ವ ತಲೆ ಎತ್ತದೆ ಕೇಳಿದಳು.

"ಏನಾತು?"

"ಪಾಸು!"

ಅವಳ ಕೈಯಲ್ಲಿದ್ದ ಅಡಿಕೆ ಅಲಗಿನ ಹತ್ತಿರವೇ ನಿಂತಿತು. ಮುಖ ಅರಳಿತು. ಕಣ್ಣು ಒರೆಸಿಕೊಳ್ಳಲು ಹೋಗಿ, ಕೈ ಕಪ್ಪೆಂದು ನೆನಪಾಗಿ, ಮೊಣಕೈಯಿಂದ ಒರೆಸಿಕೊಂಡಳು.

"ಎಷ್ಟು ಬಂತು?"

"ನಲವತ್ತಕ್ಕೆ ಮೂವತ್ತೊಂದು."

"ಅವತ್ತು ಹೇಳಿದೆಲ್ಲ, ಕಬ್ಬಿಣ, ಚೊಗರು, ಕಪ್ಪು ಬಣ್ಣ. ಅದನ್ನ ನಾ ದಿನಾ ಮಾಡತೀನಿ ಹೌದಲ್ಲ?"

"ಹೌದವ್ವಾ. ಅದೇ ಪರೀಕ್ಷೆ."

"ಹಂಗಾರ ನನಗ ಮೂವತ್ತೆರಡು ಹಾಕು."

ಸಾಲಿನಲ್ಲಿದ್ದ ಹೆಂಗಸರೆಲ್ಲ ನಕ್ಕರು. ನಾನೂ ನಗುತ್ತ, "ಒಂದು ಜಾಸ್ತಿ ಯಾಕವ್ವಾ?" ಎಂದೆ.

ಅವ್ವ ನಿಂತಿದ್ದ ಅಡಿಕೆಯನ್ನು ಅಲಗಿಗೆ ಕೊಟ್ಟಳು. "ನಾ ಲಿಂಬಿಹಣ್ಣು ಹಚ್ಚಿಲ್ಲಲ್ಲ."